ಕಡ ತಂದ ಬಿತ್ತನೆ

ಹೊಸೂರಿನ ಚಂದ್ರಚೂಡೇಶ್ವರನ ತೇರು ಮುಗಿಯಿತೆಂದರೆ ಕೆಲಮಂಗಲ, ಡೆಂಕಣಿಕೋಟೆ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಅಟ್ಟ ಹತ್ತುತ್ತಿದ್ದರು. ಆಗಿನ್ನೂ ನಮ್ಮದು ಧರ್ಮಪುರಿ ಜಿಲ್ಲೆ. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಮಡಕೆ, ಸೋರೆಬುರುಡೆ, ಬಟ್ಟೆಗಂಟುಗಳೆಲ್ಲ ಇಳಿದು ಜಗಲಿಗೆ ಬರುತ್ತಿದ್ದವು. ಬೂದಿ ಮೆತ್ತಿದ ಬದನೆ ಬೀಜ, ಮೆಣಸಿನ ಬೀಜ, ಬಳ್ಳಿಯಲ್ಲೇ ಒಣಗಿ ಗಲಗಲ ಅನ್ನುವ ಹೀರೇಕಾಯಿ. ಕುಂಬಳಕ್ಕೆ ಮಾತ್ರ ಅಟ್ಟ ಬೇಕಿರಲಿಲ್ಲ. ಅದರ ಬೀಜವನ್ನು ಸಗಣಿಯಲ್ಲಿ ಕಲಸಿ ಕೊಟ್ಟಿಗೆಯ ಗೋಡೆಗೆ ತಟ್ಟಿರುತ್ತಿದ್ದರು. ಬೇಕಾದಾಗ ಬೆರಣಿ ಒಡೆದರಾಯಿತು.

ಸಸಿ ಮಡಿ ಅಜ್ಜಿಯ ಅಧಿಕಾರಕ್ಕೆ ಸೇರಿದ್ದು. ಕೆಂಪು ಮಣ್ಣಿಗೆ ಜರಡಿ ಹಿಡಿದ ತಿಪ್ಪೆಗೊಬ್ಬರ ಸೇರಿಸಿ, ನೆಲದಿಂದ ಗೇಣೆತ್ತರಕ್ಕೆ ಏರಿಸಬೇಕು. ನೀರು ನಿಂತರೆ ಸಸಿಯ ಬುಡ ಕೊಳೆಯುತ್ತದೆ. ಬೆರಳಲ್ಲಿ ಗೀರಿದ ಸಾಲಿಗೆ ನಾವು ಮಕ್ಕಳು ಬೀಜ ಉದುರಿಸುವಾಗ, "ಒತ್ತಾಗಿ ಹಾಕ್ಬೇಡ್ರೋ, ಅವಕ್ಕೂ ಜಾಗ ಬೇಡ್ವಾ?" ಎಂದು ಗದರುತ್ತಿದ್ದಳು. ಮೇಲೆ ರಾಗಿಹುಲ್ಲು, ಇರುವೆ ಬೀಜ ಹೊರದಂತೆ ಸುತ್ತ ಬೂದಿ, ಕೋಳಿ ಕೆದಕದಂತೆ ಜಾಲಿಮುಳ್ಳು. ಮೊಳಕೆ ಕಂಡ ದಿನ ಹುಲ್ಲು ತೆಗೆಯುವುದು ಸಂಜೆಗೇ, ಬಿಸಿಲಲ್ಲಿ ತೆಗೆದರೆ ಎಳೆಯವು ಬಾಡುತ್ತವೆ. ಮೊಳೆಯಿಂದ ತಳ ತೂತು ಮಾಡಿದ ಡಾಲ್ಡಾ ಡಬ್ಬ ಒಂದೇ ಇದ್ದದ್ದು. ಇವತ್ತು ನೀರು ಹಾಕುವ ಸರದಿ ಯಾರದೆಂದು ಚಿಕ್ಕಪ್ಪನ ಮಕ್ಕಳಿಗೂ ನಮಗೂ ದಿನಾ ಜಗಳ. ಬದನೆ, ಟೊಮೇಟೊ ವಾರದೊಳಗೆ ತಲೆಯೆತ್ತುತ್ತಿದ್ದವು. ಮೆಣಸಿನಕಾಯಿ ಮಾತ್ರ ಹತ್ತು ಹನ್ನೆರಡು ದಿನ ಕಾಯಿಸುತ್ತಿತ್ತು. ಹೊಸೂರಿನ ತಂಪಿಗೆ ಅದು ಇನ್ನೂ ಸೋಮಾರಿ.

ಹೀರೆ, ಪಡವಲಗಳಿಗೆ ಮಡಿಯ ಮರ್ಯಾದೆ ಇಲ್ಲ. ನೆನೆಸಿ, ಒದ್ದೆಬಟ್ಟೆಯಲ್ಲಿ ಕಟ್ಟಿ ಹುಲ್ಲಿನ ಮೆದೆಯೊಳಗೆ ತುರುಕಿದರೆ ಆ ಕಾವಿಗೆ ಮೊಳೆಯುತ್ತಿದ್ದವು. ಭರಣಿ ಮಳೆ ಬಿದ್ದೊಡನೆ ನೇರ ಗುಂಡಿಗೆ.

ಆದರೆ ನಾವು ಅಕ್ಕತಂಗಿಯರು ಸೇರಿದಾಗ ಹೆಚ್ಚು ಮಾತಿಗೆ ಬರುವುದು ಬೀಜದ ಕೊಡುಕೊಳ್ಳುವಿಕೆ. ನಮ್ಮ ಸಾಲಿನಲ್ಲಿ ತೆಲುಗಿನವರು, ಹಿಂದಿನ ಬೀದಿಯಲ್ಲಿ ತಮಿಳಿನವರು. "ಅಕ್ಕಾ, ಅವರೆ ಬಿತ್ತನೆ ಒಂದು ಪಾವು ಇದ್ರೆ ಕೊಡಿ" ಎಂದು ಬಂದವರನ್ನು ಬರಿಗೈಲಿ ಕಳಿಸಿದ್ದಿಲ್ಲ. ದೀಪ ಹಚ್ಚಿದ ಮೇಲೆ ಬಂದರೆ ಮಾತ್ರ, "ಬೆಳಗ್ಗೆ ಬಾ." ದುಡ್ಡಿನ ಮಾತಿಲ್ಲ, ಸುಗ್ಗಿಯಾದ ಮೇಲೆ ಪಾವಿಗೆ ಎರಡು ಪಾವು. ಇದನ್ನು ಬರೀ ಧಾರಾಳತನ ಅನ್ನಲಾರೆ. ನಮ್ಮ ಮಡಕೆಗೆ ಹುಳು ಬಿದ್ದ ವರ್ಷ, ನಮ್ಮದೇ ಬೀಜ ಹಿಂದಿನ ಬೀದಿಯಿಂದ ಮರಳಿ ಮನೆಗೆ ಬರುತ್ತಿತ್ತು. ಕೊಟ್ಟವರ ಬೀಜವೇ ಉಳಿಯುತ್ತಿದ್ದದ್ದು.

ಬೆಂಗಳೂರಿನಲ್ಲಿ 1965ರಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಶುರುವಾಯಿತು, 1967ರಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಂತು. ನಿಧಾನವಾಗಿ ಹೈಬ್ರಿಡ್ ಟೊಮೇಟೊ ನಮ್ಮ ಹೊಲಗಳಿಗೂ ಇಳಿಯಿತು. ರಾಯಕೋಟೆಯ ಟೊಮೇಟೊ ಮಂಡಿಯಿಂದ ಎಷ್ಟೋ ಮನೆಗಳು ಎದ್ದು ನಿಂತವು, ಅದನ್ನು ಹಳಿಯುವುದು ಕೃತಘ್ನತೆ. ಆದರೆ ಹೈಬ್ರಿಡ್ ಹಣ್ಣಿನ ಬೀಜ ಹಾಕಿದರೆ ಮುಂದಿನ ಗಿಡ ತಾಯಿಯ ಹಾಗೆ ಬರುವುದಿಲ್ಲ. ಎತ್ತಿಡಲು ಏನೂ ಇಲ್ಲವಾದ ಮೇಲೆ ಅಟ್ಟ ಹತ್ತುವವರಾರು? ಈಗ ಹೊಸೂರಿನ ಸುತ್ತಲೂ ನೆರಳುಬಲೆಯ ನರ್ಸರಿಗಳು. 98 ಗುಳಿಯ ಟ್ರೇ, ತೆಂಗಿನ ನಾರಿನ ಪುಡಿ. ಟ್ರೇಯಿಂದ ಕೀಳುವಾಗ ಬೇರು ಕಡಿಯುವುದೇ ಇಲ್ಲ. ಅಜ್ಜಿ ನೋಡಿದ್ದರೆ ಮೆಚ್ಚುತ್ತಿದ್ದಳು, ಬೆಲೆ ಕೇಳಿ ಬೈಯುತ್ತಿದ್ದಳು.

ನನಗೆ ಈಗಲೂ ಬೇಕೆನಿಸುವುದು ರಾಗಿಯ ನಡುವೆ ಅಕ್ಕಡಿ ಸಾಲಿಗೆ ಹಾಕುತ್ತಿದ್ದ ಹಳೇ ಅವರೆ. ಈಗಿನ ಹೆಬ್ಬಾಳ ಅವರೆ ವರ್ಷದ ಯಾವ ಕಾಲಕ್ಕೂ ಬರುತ್ತದೆ. ಹಳೆಯದು ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಟ್ಟು, ಮಾರ್ಗಶಿರದ ಇಬ್ಬನಿಗೆ ಸೊಗಡು ಕಟ್ಟುತ್ತಿತ್ತು. ಅಂಚೆಟ್ಟಿಯಲ್ಲೋ ಬೇರಿಕೆಯಲ್ಲೋ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅದು ಉಳಿದಿದ್ದರೆ ನನಗೊಂದು ಪಾವು ಎತ್ತಿಡಿ. ಸುಗ್ಗಿಗೆ ಎರಡು ಪಾವು ತಂದುಕೊಡುತ್ತೇನೆ.