ಏಳು ಸೆಂಟಿಮೀಟರ್

ನಮ್ಮ ಮನೆ ಇರೋದು ಶಿವಮೊಗ್ಗದ ಗೋಪಾಳದಲ್ಲಿ. ಅಪ್ಪನದೊಂದು ಪುಟ್ಟ ಪಿಕಪ್ ಇದೆ. ಬೆಳಿಗ್ಗೆ ಅಕ್ಕಿ ಮೂಟೆ ತುಂಬಿಕೊಂಡು ಬಿ.ಎಚ್. ರಸ್ತೆ ಹಿಡಿದು ಭದ್ರಾವತಿಗೆ ಹೋಗ್ತಾರೆ, ಅಲ್ಲಿ ಅಂಗಡಿ ಅಂಗಡಿಗೆ ಇಳಿಸಿ ಮಧ್ಯಾಹ್ನ ಖಾಲಿ ಗಾಡಿಯಲ್ಲಿ ವಾಪಸ್ ಬರ್ತಾರೆ. ನನ್ನ ಫೀಸು, ಹಾಸ್ಟೆಲ್ಲು, ಇದನ್ನು ಟೈಪ್ ಮಾಡ್ತಿರೋ ಲ್ಯಾಪ್‌ಟಾಪು, ಎಲ್ಲ ಆ ಗಾಡಿಯದೇ ದುಡಿಮೆ. ಅಂಥ ಗಾಡಿಯನ್ನು ನಾನು ಹೇಗೆ ಕೆಡಿಸಿದೆ, ಆಮೇಲೆ ಅದು ಹೇಗೆ ಸರಿಯಾಯ್ತು ಅನ್ನೋದೇ ಈ ಬರಹ.

ಮೂರನೇ ಸೆಮಿಸ್ಟರ್ ರಜೆಯಲ್ಲಿ ಅಪ್ಪನ ಜೊತೆ ಒಂದು ವಾರ ಹೋಗಿದ್ದೆ. ಮೂಟೆ ಇಳಿಸೋದಕ್ಕೆ ಅವರು ಹಿಂದಿನ ತೊಟ್ಟಿಗೆ ಹತ್ತುವಾಗ ಪ್ರತಿ ಸಲವೂ ಮಂಡಿ ಹಿಡಿದುಕೊಳ್ತಿದ್ದರು. "ಅಪ್ಪಾ, ಗಾಡಿ ಸ್ವಲ್ಪ ತಗ್ಗಿಸಿದ್ರೆ ಹೇಗೆ?" ಅಂದೆ. "ನಿಂಗೆ ಗೊತ್ತಿರುತ್ತಲ್ಲ, ಮಾಡ್ಸು" ಅಂದರು. ಮೆಕ್ಯಾನಿಕಲ್ ಓದೋ ಮಗನ ಮೇಲೆ ಅಷ್ಟು ನಂಬಿಕೆ.

ಒಂದು ಗ್ಯಾರೇಜಿಗೆ ಹೋಗಿ ಹಿಂದಿನ ಎರಡೂ ಬ್ಲೇಡ್ ಸೆಟ್ಟಿನಲ್ಲಿ ಐದರ ಪೈಕಿ ಎರಡೆರಡು ಬ್ಲೇಡ್ ತೆಗೆಸಿದೆ. ಉಳಿದವುಗಳ ಬಾಗು ಕಡಿಮೆ ಮಾಡೋಕೆ ಗ್ಯಾಸ್ ಹಚ್ಚಿ ಕಾಯಿಸಿ ತಟ್ಟಿದರು. ಗಾಡಿ ಒಟ್ಟು 7 ಸೆಂಟಿಮೀಟರ್ ಇಳಿಯಿತು. ಬ್ಲೇಡ್ ಕಡಿಮೆ ಆದರೆ ಸ್ಪ್ರಿಂಗ್ ಮೆತ್ತಗಾಗುತ್ತೆ, ಮೆತ್ತಗಾದರೆ ಕುಲುಕಾಟ ಕಡಿಮೆ ಅನ್ನೋದು ನನ್ನ ಲೆಕ್ಕ. ಆ ರಾತ್ರಿ ಖಾಲಿ ಗಾಡಿ ಓಡಿಸಿದೆ. ನಿಜವಾಗ್ಲೂ ಬೆಣ್ಣೆ! ಸ್ಟೇಟಸ್ಸಿಗೆ ಫೋಟೋನೂ ಹಾಕಿದೆ. ಮರುದಿನ ಹಾಸ್ಟೆಲ್ಲಿಗೆ ಬಸ್ ಹತ್ತಿದೆ.

ತಿಂಗಳಾದ ಮೇಲೆ ಅಮ್ಮ ಫೋನಲ್ಲಿ ಮಾತಿನ ಮಧ್ಯೆ ಹೇಳಿದರು, "ನಿಮ್ಮಪ್ಪ ಈಗ ಸೀಟಿನ ಮೇಲೆ ದಿಂಬು ಹಾಕ್ಕೊಂಡು ಓಡಿಸ್ತಾರೆ ಕಣೋ. ರಾತ್ರಿ ಬೆನ್ನಿಗೆ ಎಣ್ಣೆ ಹಚ್ಚಿ ಸಾಕಾಯ್ತು ನಂಗೆ." ಅಪ್ಪ ನನ್ನ ಹತ್ರ ಒಂದು ಮಾತೂ ಆಡಿರಲಿಲ್ಲ.

ಆ ಶನಿವಾರವೇ ಊರಿಗೆ ಹೋದೆ. ಲೋಡ್ ಇದ್ದ ಗಾಡಿಯಲ್ಲಿ ಪಕ್ಕ ಕೂತೆ. ಪ್ರತಿ ಗುಂಡಿಗೂ ಧಡ್ ಅಂತ ಏಟು ನೇರ ಬೆನ್ನುಮೂಳೆಗೆ.

ಮೊದಲು ಟೈರಿನ ಗಾಳಿ ಇಳಿಸಿದೆ. ಸ್ವಲ್ಪ ಸುಧಾರಿಸಿತು, ಆದರೆ ಭದ್ರಾವತಿ ಮುಟ್ಟೋವಷ್ಟರಲ್ಲಿ ಟೈರು ಮುಟ್ಟೋಕಾಗದಷ್ಟು ಬಿಸಿ. ಭಾರ ಹೊತ್ತ ಟೈರಿಗೆ ಗಾಳಿ ಕಡಿಮೆಯಾದರೆ ಅದರ ಗೋಡೆ ಹೆಚ್ಚು ಬಗ್ಗಿ ಕಾಯುತ್ತೆ, ಕೊನೆಗೆ ಸಿಡಿಯಬಹುದು. ಗಾಳಿ ವಾಪಸ್ ತುಂಬಿಸಿದೆ. ಆಮೇಲೆ ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಎರಡು ಸೆಮಿಸ್ಟರಿನಿಂದ ಕೂಡಿಟ್ಟ ದುಡ್ಡು ಖಾಲಿ, ಏಟು ಹಾಗೇ ಇತ್ತು. "ಆ ಬಂಪ್ ರಬ್ಬರ್ ಅರ್ಧ ಕತ್ತರಿಸಿಬಿಡಿ" ಅಂತ ಒಬ್ಬರು ಸಲಹೆ ಕೊಟ್ಟರು. ಕತ್ತರಿಸೋ ಮುಂಚೆ ಗಾಡಿ ಕೆಳಗೆ ಟೇಪ್ ಹಿಡಿದು ಮಲಗಿದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ ಅದು.

ನನ್ನ ನೋಟ್‌ಬುಕ್ಕಿನಲ್ಲಿರೋ ಲೆಕ್ಕ ಹೀಗಿದೆ. ಖಾಲಿ ಗಾಡಿಯಲ್ಲಿ ಆಕ್ಸಲ್ಲಿಗೂ ಬಂಪ್ ರಬ್ಬರಿಗೂ ನಡುವೆ ಮೊದಲು 12 ಸೆಂಟಿಮೀಟರ್ ಜಾಗ ಇತ್ತು. ಹಿಂದಿನ ಆಕ್ಸಲ್ ಮೇಲೆ 500 ಕೆ.ಜಿ. ಭಾರ ಬಿದ್ದರೆ ಐದು ಬ್ಲೇಡಿನ ಸೆಟ್ಟು 7.5 ಸೆಂಟಿಮೀಟರ್ ಕುಗ್ಗುತ್ತೆ, 4.5 ಉಳಿಯುತ್ತೆ. ಚಕ್ರ ಗುಂಡಿ ದಾಟುವಾಗ ಮೇಲೆ ಕೆಳಗೆ ಆಡೋಕೆ ಇರೋದು ಆ ಜಾಗವೇ. ನಾನು ತಗ್ಗಿಸಿದ ಮೇಲೆ 12 ಹೋಗಿ 5 ಆಯ್ತು. ಬ್ಲೇಡ್ ಮೂರೇ ಆದ್ದರಿಂದ ಅದೇ ಭಾರಕ್ಕೆ 12.5 ಸೆಂಟಿಮೀಟರ್ ಕುಗ್ಗಬೇಕು. ಇರೋದೇ 5! ಅಂದರೆ 200 ಕೆ.ಜಿ. ತುಂಬುವಷ್ಟರಲ್ಲೇ ಆಕ್ಸಲ್ಲು ರಬ್ಬರಿಗೆ ಒರಗಿ ಕೂರುತ್ತಿತ್ತು. ಮಿಕ್ಕ ಭಾರಕ್ಕೆಲ್ಲ ಗಾಡಿ ನಿಂತಿದ್ದು ಸ್ಪ್ರಿಂಗಿನ ಮೇಲಲ್ಲ, ಆ ರಬ್ಬರ್ ತುಂಡಿನ ಮೇಲೆ.

ವೈಬ್ರೇಷನ್ ಪೇಪರ್ ಓದಿದವರಿಗೆ ಗೊತ್ತು, ಸ್ಪ್ರಿಂಗ್ ಭಾರಕ್ಕೆ ಎಷ್ಟು ಕುಗ್ಗಿದೆ ಅನ್ನೋದರಿಂದಲೇ ಅದರ ಸಹಜ ಆವರ್ತನ ಸಿಗುತ್ತೆ. ನಮ್ಮ ಗಾಡಿ ಮೊದಲು ಪೂರ್ತಿ ಲೋಡಿನಲ್ಲಿ ಸುಮಾರು 1.4 ಹರ್ಟ್ಜ್‌ನಲ್ಲಿ ಆಡುತ್ತಿತ್ತು. ಮನುಷ್ಯ ನಡೆಯೋ ಲಯಕ್ಕೆ ಹತ್ತಿರದ್ದು, ಮೈಗೆ ಹಿತ. ಖಾಲಿ ಇದ್ದಾಗ 2.3 ಇದ್ದಿದ್ದು, ನಾನು ಬ್ಲೇಡ್ ತೆಗೆಸಿದ ಮೇಲೆ 1.8ಕ್ಕೆ ಇಳಿದಿತ್ತು. ಆ ರಾತ್ರಿಯ ಬೆಣ್ಣೆ ಸುಳ್ಳಲ್ಲ. ಆದರೆ ಅಪ್ಪನ ಬೆಳಗಿನ ಗಾಡಿ ಖಾಲಿ ಇರಲ್ಲವಲ್ಲ! ರಬ್ಬರಿಗೆ ಕೂತ ಗಾಡಿ ಬಲು ಬಿರುಸು, ಆವರ್ತನ ಮೇಲಕ್ಕೆ ಜಿಗಿಯುತ್ತೆ. ಕೂತಿರೋ ಮನುಷ್ಯನ ಮೈಗೆ ಅತಿ ಹೆಚ್ಚು ತಟ್ಟೋ ಕುಲುಕಾಟ 4ರಿಂದ 8 ಹರ್ಟ್ಜ್ ಒಳಗಿನದು. ಶಾಕ್ ಅಬ್ಸಾರ್ಬರ್ ಕುಣಿತ ನಿಲ್ಲಿಸಬಲ್ಲದೇ ಹೊರತು ಇಲ್ಲದ ಜಾಗ ಹುಟ್ಟಿಸಲಾರದು. ರಬ್ಬರ್ ಕತ್ತರಿಸಿದ್ದರೆ ಆಕ್ಸಲ್ಲು ನೇರ ಚಾಸಿಗೇ ಹೊಡೆಯುತ್ತಿತ್ತು.

ಇಷ್ಟು ಬರೆದು ನಾನು ಜಾಣ ಅಂದುಕೊಳ್ಳೋವಷ್ಟರಲ್ಲಿ ಮಳೆ ಬಂತು. ಸೋಮವಾರ ಭದ್ರಾವತಿಯಿಂದ ಖಾಲಿ ವಾಪಸ್ ಬರ್ತಿದ್ವಿ. ಮಾಚೇನಹಳ್ಳಿ ಹತ್ತಿರ ಒಂದು ಬೈಕು ಅಡ್ಡ ಬಂತು. ಅಪ್ಪ ಬ್ರೇಕ್ ಒತ್ತಿದರು. ಹಿಂದಿನ ಚಕ್ರ ಲಾಕ್ ಆಗಿ ಗಾಡಿಯ ಬಾಲ ಎಡಕ್ಕೆ ಜಾರಿ ರಸ್ತೆಗೆ ಅಡ್ಡ ನಿಂತಿತು. ಹಿಂದೆ ಬರ್ತಿದ್ದ ಬಸ್ಸು ದೂರ ಇತ್ತು, ಅಷ್ಟೇ. ಅಪ್ಪ ಗಾಡಿ ಬದಿಗೆ ಹಾಕಿ ಸುಮ್ಮನೆ ಸ್ಟೇರಿಂಗ್ ಹಿಡಿದು ಕೂತರು. ನನಗೆ ಅವರ ಮುಖ ನೋಡೋ ಧೈರ್ಯ ಬರಲಿಲ್ಲ.

ಕಾರಣ ಹೇಳಿದ್ದು ಭದ್ರಾವತಿಯಲ್ಲಿ ಬ್ಲೇಡ್ ಕೆಲಸ ಮಾಡೋ ಒಬ್ಬ ಹಿರಿಯರು. 1923ರಿಂದ ಕಬ್ಬಿಣ ಕರಗಿಸಿದ ಊರು ಅದು, ಉಕ್ಕಿನ ಭಾಷೆ ಬಲ್ಲವರು ಇನ್ನೂ ಇದ್ದಾರೆ. ಆಕ್ಸಲ್ ಮೇಲಿನ ಒಂದು ಕಡ್ಡಿ ತೋರಿಸಿ, "ಈ ವಾಲ್ವ್ ನೋಡು ತಮ್ಮಾ. ಬಾಡಿ ಎಷ್ಟು ಕೆಳಗೆ ಕೂತಿದೆ ಅಂತ ನೋಡಿ ಲೋಡ್ ಎಷ್ಟಿದೆ ಅಂತ ಇದು ತಿಳ್ಕೊಳ್ಳುತ್ತೆ. ನೀನು ತಗ್ಗಿಸಿದ್ದೀಯ, ಖಾಲಿ ಗಾಡೀನೂ ತುಂಬಿದೆ ಅಂದ್ಕೊಂಡು ಹಿಂದಕ್ಕೆ ಜಾಸ್ತಿ ಬ್ರೇಕ್ ಕೊಟ್ಟಿದೆ" ಅಂದರು. ಆಮೇಲೆ ಬ್ಲೇಡ್ ಮೇಲೆ ಬೆರಳಾಡಿಸಿ, "ಕಾಯಿಸಿ ತಟ್ಟಿದ್ದಾರೆ ಅಲ್ವಾ? ಇದರ ಹದ ಸತ್ತಿದೆ" ಅಂದರು. ಹದ ಮಾಡಿದ ಸ್ಪ್ರಿಂಗ್ ಉಕ್ಕನ್ನು ಮನಸ್ಸಿಗೆ ಬಂದ ಹಾಗೆ ಕಾಯಿಸಿದರೆ ಆ ಹದ ಹೋಗುತ್ತೆ. ಅದರ ಮೇಲೆ ಐದು ಬ್ಲೇಡ್ ಹೊರೋ ಭಾರ ಮೂರಕ್ಕೆ ಬಿದ್ದರೆ ಪ್ರತಿ ಬ್ಲೇಡಿಗೂ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಒತ್ತಡ. ಒಂದಲ್ಲ ಒಂದು ದಿನ ಅದು ಕಟ್ಟಾಗೋದೇ.

ಕಾನೂನೂ ಆಮೇಲೆ ಓದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆರ್.ಸಿ.ಯಲ್ಲಿರೋ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋದನ್ನು ತಡೆಯುತ್ತೆ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ರೀಲ್ಸ್ ನೋಡಿ ಗಾಡಿ ತಗ್ಗಿಸೋ ಪ್ಲಾನ್ ಇರೋ ಗೆಳೆಯರು ಇದನ್ನು ನೆನಪಿಟ್ಟುಕೊಳ್ಳಿ.

ಕೊನೆಗೆ ಐದು ಬ್ಲೇಡಿನ ಹೊಸ ಸೆಟ್ಟು, ಹೊಸ ಬುಷ್ಷು, ಹೊಸ ಬಂಪ್ ರಬ್ಬರ್ ಹಾಕಿಸಿದ್ವಿ. ವಾಲ್ವಿನ ಕಡ್ಡಿಯನ್ನು ಅಳತೆ ನೋಡಿ ಕೂರಿಸಿದರು. ಕೆಲವು ದಿನ ಓಡಿದ ಮೇಲೆ ಯು-ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಿದೆ. ಗಾಡಿ ಹಳೇ ಎತ್ತರಕ್ಕೆ ಬಂತು, ದಿಂಬು ಮನೆಗೆ ಬಂತು.

ಮಂಡಿಯ ಪ್ರಶ್ನೆ ಹಾಗೇ ಉಳಿದಿತ್ತು. ಈ ಸಲ ಮೊದಲು ಅಪ್ಪನನ್ನೇ ಕೇಳಿದೆ, "ಕಷ್ಟ ಆಗೋದು ಯಾವಾಗ?" "ಮೂಟೆ ಎತ್ತೋದಲ್ಲ ಕಣೋ, ಹತ್ತಿ ಇಳಿಯೋದು" ಅಂದರು. ಅದಕ್ಕೆ ಸಸ್ಪೆನ್ಷನ್ ಮುಟ್ಟೋದೇ ಬೇಕಿರಲಿಲ್ಲ. ಎರಡು ಮೆಟ್ಟಿಲಿನ ಒಂದು ಮರದ ಸ್ಟೂಲು ಮಾಡಿಸಿ ತೊಟ್ಟಿಯಲ್ಲಿಟ್ಟೆ.

ಮೊನ್ನೆ ಫೋನ್ ಮಾಡಿ "ಗಾಡಿ ಹೇಗಿದೆ ಅಪ್ಪಾ?" ಅಂತ ಕೇಳಿದೆ.

"ಗಾಡಿ ಚೆನ್ನಾಗಿದೆ. ನಿನ್ನ ಸ್ಟೂಲೇ ಸ್ವಲ್ಪ ಅಲ್ಲಾಡುತ್ತೆ. ಬಂದಾಗ ಟೇಪ್ ಹಿಡ್ಕೊಂಡು ನೋಡು."