ನಮ್ಮೂರಿನ ಏಳು ಗಂಟೆಯ ಬಸ್ಸು

ಮಲೆನಾಡಿನ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರಿಗೆ ಗಡಿಯಾರಕ್ಕಿಂತ ಮೊದಲು ಪರಿಚಯವಾಗುವುದು ಬಸ್ಸು. ನಮ್ಮ ನಿಟ್ಟೂರಿನಲ್ಲಿ ‘ಏಳು ಗಂಟೆ ಬಸ್ಸು ಹೋಯಿತೇ?’ ಎಂದು ವಿಚಾರಿಸಿಕೊಂಡು ಡೇರಿಗೆ ಹಾಲು ಒಯ್ಯುವವರನ್ನೂ, ಅದರ ಹಾರನ್ ಕೇಳಿ ಮಕ್ಕಳಿಗೆ ಜಡೆ ಹಾಕಲು ಕುಳ್ಳಿರಿಸಿಕೊಳ್ಳುವ ತಾಯಂದಿರನ್ನೂ ನಾವು ಕಂಡಿದ್ದೇವೆ. ಹೊಸನಗರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಕೊಡಚಾದ್ರಿಯ ಮಗ್ಗುಲಲ್ಲಿರುವ ಈ ಊರಿಗೆ ರೈಲಿಲ್ಲ. ಅತ್ತ ಹೋದರೆ ಘಟ್ಟ ಇಳಿದು ಕೊಲ್ಲೂರು. ಇತ್ತ ಬಂದರೆ ಸಂಪೆಕಟ್ಟೆ, ನಗರ, ಹೊಸನಗರ, ರಿಪ್ಪನ್‌ಪೇಟೆ ದಾಟಿ ಶಿವಮೊಗ್ಗ. ಎರಡಕ್ಕೂ ಬಸ್ಸೇ ಗತಿ. ಬೇರೆ ಗತಿಯಿಲ್ಲದ ಕಡೆ ಕೋಪ ಬೇಗ ಬರುತ್ತದೆ. ಅಂಥದೊಂದು ಕೋಪದ ಸಂಗತಿಯನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ಅದರಲ್ಲಿ ನಮ್ಮ ಪಾತ್ರ ಹೆಮ್ಮೆಪಡುವಂಥದ್ದಲ್ಲ.

2018ರ ಜುಲೈ ತಿಂಗಳು. ನಮ್ಮ ತಾಯಿಯವರಿಗೆ ಆಗ ಎಪ್ಪತ್ತೆಂಟು ವರ್ಷ. ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದು, ಒಲೆಯ ಮೇಲಿನ ಹಾಲು ಉಕ್ಕುವುದನ್ನು ವಾಸನೆಯಿಂದ ತಿಳಿದುಕೊಳ್ಳುವ ಸ್ಥಿತಿಗೆ ಬಂದಿದ್ದರು. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಬೆಳಿಗ್ಗೆ ಹನ್ನೊಂದರೊಳಗೆ ಹಾಜರಾಗಬೇಕೆಂದು ಹೇಳಿದ್ದರು. ಬೆಳಗಿನ ಜಾವಕ್ಕೇ ಎದ್ದು ಸ್ನಾನ, ಲಿಂಗಪೂಜೆ ಮುಗಿಸಿದ ತಾಯಿಯವರು ಆರೂವರೆಗೆಲ್ಲ ಸಿದ್ಧರಾಗಿದ್ದರು. ನಮ್ಮ ಮನೆ ಪೇಟೆಯಿಂದ ಅರ್ಧ ಮೈಲಿ ಆಚೆ, ರಸ್ತೆ ಚಡಾವು ಏರುವ ತಿರುವಿನಲ್ಲಿದೆ. ಅಲ್ಲಿ ನಿಂತು ಕೈ ತೋರಿದರೆ ಬಸ್ಸು ನಿಲ್ಲುವುದು ವಾಡಿಕೆ.

ಮಳೆ ಎಂದರೆ ಎಂಥ ಮಳೆ! ಒಂದೇ ಛತ್ರಿಯಲ್ಲಿ ಇಬ್ಬರೂ ನಿಂತೆವು. ಬಸ್ಸು ಬಂದಿತು. ಕೈ ತೋರಿದೆವು. ಚಾಲಕರು ಒಳಗಿನಿಂದಲೇ ಹಿಂದಕ್ಕೆ ಕೈ ಬೀಸಿದರು; ಕೆಸರು ನೀರನ್ನು ನಮ್ಮ ಮೊಣಕಾಲಿನವರೆಗೆ ಹಾರಿಸಿಕೊಂಡು ಬಸ್ಸು ಚಡಾವು ಏರಿ ಮರೆಯಾಯಿತು. ತಾಯಿಯವರಿಗೆ ಏನೂ ಕಾಣಿಸಿರಲಿಲ್ಲ. ಸದ್ದು ದೂರವಾದ ಮೇಲೆ, “ಎಂತ, ನಿಲ್ಲಿಸಲಿಲ್ಲವಾ?” ಎಂದು ಕೇಳಿದರು.

ಮುಂದಿನ ಬಸ್ಸಿಗೆ ಒಂದೂವರೆ ಗಂಟೆ ಕಾದು, ಹೊಸನಗರದಲ್ಲಿ ಇನ್ನೊಂದನ್ನು ಹಿಡಿದು ಶಿವಮೊಗ್ಗ ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ. ಆ ದಿನದ ಪಟ್ಟಿ ಮುಗಿದಿತ್ತು. ಮೂರು ವಾರ ಬಿಟ್ಟು ಬರಲು ಹೇಳಿದರು. ತಾಯಿಯವರು ಒಂದು ಮಾತೂ ಆಡಲಿಲ್ಲ. ಅವರು ಮಾತನಾಡದಿದ್ದುದೇ ನಮ್ಮ ಸಿಟ್ಟಿಗೆ ತುಪ್ಪ ಸುರಿಯಿತು.

ಸಂಜೆ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಅದೇ ಬಸ್ಸು, ಅದೇ ಚಾಲಕರು. ಮುಂದಿನ ಗಾಜನ್ನು ಹಳೆಯ ವೃತ್ತಪತ್ರಿಕೆಯಿಂದ ಒರೆಸುತ್ತಿದ್ದರು. ನಾವು ಮೂವತ್ತೆರಡು ವರ್ಷ ಉಪಾಧ್ಯಾಯ ವೃತ್ತಿ ಮಾಡಿದವರು. ನಮ್ಮ ದನಿ ನಾಲ್ಕು ಕೊಠಡಿಗೆ ಕೇಳುವಂಥದ್ದು. ಆ ದನಿಯನ್ನೆಲ್ಲ ಅವರ ಮೇಲೆ ಖರ್ಚು ಮಾಡಿದೆವು. “ನಿಮಗೆ ತಾಯಿ ಇಲ್ಲವೇ? ಕಣ್ಣು ಕಾಣದ ಮುದುಕಿ ಮಳೆಯಲ್ಲಿ ನಿಂತದ್ದು ಕಾಣಿಸಲಿಲ್ಲವೇ?” ಎಂದೆವು. ಜನ ಸುತ್ತುಗಟ್ಟಿದರು. ಒಬ್ಬಿಬ್ಬರು ನಮ್ಮ ಪರವಾಗಿ ಇನ್ನೂ ಎರಡು ಮಾತು ಸೇರಿಸಿದರು. ಚಾಲಕರು ಕಾಗದವನ್ನು ಮುದುರಿ ಜೇಬಿಗಿಟ್ಟುಕೊಂಡು, “ಮೇಷ್ಟ್ರೆ, ಆ ಚಡಾವಲ್ಲಿ ನಿಲ್ಲಿಸಿದ್ರೆ ಗಾಡಿ ಎಳೀತಿರ್ಲಿಲ್ಲ” ಎಂದಷ್ಟೇ ಹೇಳಿ ಹತ್ತಿ ಕುಳಿತರು. ಅದು ನೆಪವೆಂದೇ ನಾವು ಭಾವಿಸಿದೆವು.

ನಗರ ದಾಟಿದ ಮೇಲೆ ಬಸ್ಸು ಖಾಲಿಯಾಯಿತು. ಕಂಡಕ್ಟರ್ ಹುಡುಗ ನಮ್ಮ ಪಕ್ಕದ ಸೀಟಿಗೆ ಬಂದು ಕುಳಿತು, ಹಣ ಎಣಿಸುತ್ತಲೇ ಮಾತು ತೆಗೆದ. ಹಿಂದಿನ ರಾತ್ರಿ ಕೊಲ್ಲೂರಿನ ಕಡೆಯಿಂದ ಬರುತ್ತಿದ್ದ ಬಸ್ಸೊಂದು ಘಟ್ಟದಲ್ಲಿ ಕೆಟ್ಟು ನಿಂತಿದ್ದರಿಂದ ಅದರ ಜನವೆಲ್ಲ ಬೆಳಿಗ್ಗೆ ಇದನ್ನೇ ಹತ್ತಿದ್ದರಂತೆ. ಎಂಟು ದಿನಗಳ ಕೆಳಗೆ ಅದೇ ಚಡಾವಿನಲ್ಲಿ, ಇದೇ ರೀತಿ ತುಂಬಿದ ಬಸ್ಸನ್ನು ಯಾರಿಗೋ ನಿಲ್ಲಿಸಲು ಹೋಗಿ, ಮತ್ತೆ ಹೊರಡಿಸುವಾಗ ಗಾಡಿ ಹಿಂದಕ್ಕೆ ಜಾರಿ ಹಿಂಗಾಲಿ ಚರಂಡಿಗೆ ಇಳಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಂದಿನ ಟ್ರಿಪ್ಪು ಹೋಯಿತು. ಗಾಡಿ ಎತ್ತಿಸಿದ ಖರ್ಚು ಚಾಲಕರ ಲೆಕ್ಕಕ್ಕೆ ಬಿತ್ತು. “ನಿಲ್ಲಿಸಿದ್ರೂ ಬೈಗಳು, ನಿಲ್ಲಿಸದಿದ್ರೂ ಬೈಗಳು, ಮೇಷ್ಟ್ರೆ” ಎಂದ ಹುಡುಗ.

ಅವನಿಂದ ತಿಳಿದ ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಲಕಿತು. ನಮ್ಮ ಏಳು ಗಂಟೆಯ ಬಸ್ಸು ಎಂದರೆ ಹಿಂದಿನ ರಾತ್ರಿ ಒಂಬತ್ತಕ್ಕೆ ಬಂದು ನಿಲ್ಲುವ ಹಾಲ್ಟ್ ಬಸ್ಸು. ಚಾಲಕರೂ ಕಂಡಕ್ಟರೂ ಮಲಗುವುದು ಅದರೊಳಗೇ. ಕತ್ತಲಿರುವಾಗಲೇ ಎದ್ದು, ಹೋಟೆಲಿನವರು ಬಿಸಿನೀರು ಕೊಟ್ಟರೆ ಸ್ನಾನ, ಇಲ್ಲವಾದರೆ ಮುಖ ತೊಳೆದು ಹೊರಡುವುದು. ಪ್ರತಿ ಬಸ್ಸಿಗೂ ಸಾರಿಗೆ ಪ್ರಾಧಿಕಾರ ಪರವಾನಗಿಯೊಂದಿಗೆ ವೇಳಾಪಟ್ಟಿಯನ್ನೂ ಗೊತ್ತುಪಡಿಸುತ್ತದೆ; ಒಂದರ ಹಿಂದೆ ಇನ್ನೊಂದಕ್ಕೆ ಕೆಲವೇ ನಿಮಿಷಗಳ ಅಂತರ. ಹತ್ತು ನಿಮಿಷ ತಡವಾದರೆ ಮುಂದಿನ ನಿಲ್ದಾಣದ ಜನ ಇನ್ನೊಬ್ಬರ ಬಸ್ಸಿನಲ್ಲಿರುತ್ತಾರೆ, ಕಲೆಕ್ಷನ್ ಇಳಿಯುತ್ತದೆ, ಕಲೆಕ್ಷನ್ನಿನ ಮೇಲೆ ಸಿಗುವ ಬಟ್ಟಾವೂ ಇಳಿಯುತ್ತದೆ. ಆಗ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ದುಡಿಮೆ ಎನ್ನುತ್ತಿತ್ತು. ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿರಾಮ ಕೊಡಬೇಕೆನ್ನುತ್ತಿತ್ತು. ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಎಷ್ಟು ಗಂಟೆಯಾಯಿತೆಂಬ ಲೆಕ್ಕವನ್ನು ನಮ್ಮ ಶಾಲೆಯ ಎರಡನೆಯ ತರಗತಿಯ ಮಕ್ಕಳೂ ಮಾಡಬಲ್ಲರು. ಕಾಯಕದ ವಿಷಯವಾಗಿ ವರ್ಷಗಟ್ಟಲೆ ಪಾಠ ಹೇಳಿದ ನಮಗೆ, ನಮ್ಮ ಮನೆಯಿಂದ ಅರ್ಧ ಮೈಲಿ ದೂರದಲ್ಲಿ ದಿನವೂ ಮಲಗೇಳುತ್ತಿದ್ದ ಮನುಷ್ಯ ಏನು ಉಣ್ಣುತ್ತಾರೆಂಬುದು ಗೊತ್ತಿರಲಿಲ್ಲ.

ಮನೆಗೆ ಬಂದು ತಾಯಿಯವರಿಗೆ ಹೇಳಿದೆವು. “ಅಷ್ಟು ಜನರ ಮುಂದೆ ನೀನು ಹಾಗೆ ಹೇಳಬಾರದಿತ್ತು” ಎಂದರು. ಅಷ್ಟೇ.

ಮೂರು ವಾರಗಳ ನಂತರ, ಆಸ್ಪತ್ರೆಗೆ ಹೊರಡುವ ಹಿಂದಿನ ರಾತ್ರಿ, ತಾಯಿಯವರು ಅಕ್ಕಿರೊಟ್ಟಿ, ಪತ್ರೊಡೆ, ಮಜ್ಜಿಗೆಯನ್ನು ಕ್ಯಾರಿಯರಿಗೆ ತುಂಬಿಸಿ ನಮ್ಮ ಕೈಗೆ ಕೊಟ್ಟರು. ಬ್ಯಾಟರಿ ಹಿಡಿದು ಪೇಟೆಗೆ ಹೋದೆವು. ಬಸ್ಸಿನ ಹಿಂದಿನ ಉದ್ದನೆಯ ಸೀಟಿನಲ್ಲಿ ಚಾಲಕರು ಕಂಬಳಿ ಹಾಸುತ್ತಿದ್ದರು. ಕಿಟಕಿಯ ಪರದೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಸೊಳ್ಳೆಬತ್ತಿ ಉರಿಯುತ್ತಿತ್ತು. ದಾರಿಯುದ್ದಕ್ಕೂ ಹೇಳಬೇಕೆಂದು ಜೋಡಿಸಿಕೊಂಡು ಬಂದ ಮಾತು ನಮಗೆ ಬರಲಿಲ್ಲ. “ನಾಳೆ ಚಡಾವು ಹತ್ತಿ ಮೇಲೆ ಬಂದು ನಿಲ್ಲುತ್ತೇವೆ” ಎಂದೆವು. ಅವರು, “ಬೇಡ ಮೇಷ್ಟ್ರೆ, ಅಮ್ಮನ್ನ ಆಟೋದಲ್ಲಿ ಇಲ್ಲಿಗೇ ಕರ್ಕೊಂಡು ಬನ್ನಿ. ಮುಂದಿನ ಸೀಟು ಹಿಡಿದಿಟ್ಟಿರ್ತೀನಿ” ಎಂದರು. ಹಾಗೆಯೇ ಆಯಿತು. ಹತ್ತೂವರೆಗೆ ಆಸ್ಪತ್ರೆಯಲ್ಲಿದ್ದೆವು.

ಆ ಬಳಿಕ ಬೆಂಗಳೂರಿನಲ್ಲಿರುವ ಮಗನ ಮನೆಗೆ ಹೋದಾಗಲೆಲ್ಲ ಅಲ್ಲಿನ ಸಿಟಿ ಬಸ್ಸುಗಳನ್ನು ಬೇರೆ ರೀತಿಯಲ್ಲಿ ನೋಡತೊಡಗಿದೆವು. ನಿಲ್ದಾಣದ ಜಾಗದಲ್ಲಿ ಆಟೋ, ಕಾರುಗಳು ನಿಂತಿರುತ್ತವೆ, ಬಸ್ಸು ನಡುರಸ್ತೆಯಲ್ಲೇ ನಿಲ್ಲುತ್ತದೆ, ಹತ್ತುವವರು ಓಡಬೇಕು, ಹಿಂದಿನ ವಾಹನಗಳು ಹಾರನ್ ಹೊಡೆಯುತ್ತವೆ. ಓಡಿ ಬಂದವರೂ, ಹಾರನ್ ಹೊಡೆದವರೂ ಬೈಯುವುದು ಚಾಲಕರನ್ನೇ. ಚಿಲ್ಲರೆ ಇಲ್ಲದೆ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವ ಕಂಡಕ್ಟರು, ಇಳಿಯುವ ನೂಕುನುಗ್ಗಲಿನಲ್ಲಿ ಅದನ್ನು ಕೇಳಲು ಮರೆತು ಮನೆಗೆ ಹೋಗಿ ಕೊರಗುವ ಪ್ರಯಾಣಿಕರು (ಈ ಪಟ್ಟಿಯಲ್ಲಿ ನಾವೂ ಇದ್ದೇವೆ), ಇವರಿಬ್ಬರ ಜಗಳಕ್ಕೆ ಕೊನೆಯೆಂಬುದಿರಲಿಲ್ಲ. ಈಗ ಮೊಬೈಲಿನಲ್ಲಿ ಹಣ ಕೊಡುವ ಸೌಕರ್ಯ ಬಂದು ಆ ಜಗಳವೊಂದು ಕಡಿಮೆಯಾಗಿದೆ.

ನಮ್ಮ ಸೀಮೆಯಲ್ಲಿಯೇ ಬೇರೆ ಬಗೆಯ ಬಸ್ಸೂ ಇತ್ತು. ಕೊಪ್ಪದ ಸಹಕಾರ ಸಾರಿಗೆಯನ್ನು ಮಲೆನಾಡಿನವರು ಮರೆಯಲಾರರು. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಂಸ್ಥೆ ಅದು. ಚಾಲಕ, ಕಂಡಕ್ಟರರೇ ಅದರ ಒಡೆಯರು. ಶಾಲಾ ಮಕ್ಕಳಿಗೆ ರಿಯಾಯಿತಿ ಕೊಟ್ಟು, ಒಳಹಳ್ಳಿಗಳಿಗೂ ಬಸ್ಸು ಓಡಿಸಿ ಹೆಸರು ಪಡೆದಿತ್ತು. 2020ರ ಫೆಬ್ರವರಿಯಲ್ಲಿ ಅದು ನಿಂತುಹೋಯಿತು. ಡೀಸೆಲ್ ಬೆಲೆ, ತೆರಿಗೆಗಳ ಭಾರ ಒಂದೆಡೆ. ಬಸ್ಸು ಹತ್ತುವವರೇ ಕಡಿಮೆಯಾದದ್ದು ಇನ್ನೊಂದೆಡೆ. ಮನೆಮನೆಗೂ ಬೈಕು, ಸ್ಕೂಟರು ಬಂದವು. ನಮ್ಮ ಅಂಗಳದಲ್ಲೂ ಒಂದು ನಿಂತಿದೆ. ಬಸ್ಸು ಸರಿಯಿಲ್ಲವೆಂದು ಸ್ಕೂಟರು ಕೊಂಡೆವು. ನಾವು ಸ್ಕೂಟರು ಕೊಂಡದ್ದರಿಂದ ಬಸ್ಸಿಗೆ ಜನವಿಲ್ಲವಾಯಿತು.

ಅದೇ ಮಾರ್ಚಿನಲ್ಲಿ ಕೊರೋನಾ ಬಂದು ಬಸ್ಸುಗಳೆಲ್ಲ ನಿಂತವು. ಮತ್ತೆ ಓಡಾಟ ಶುರುವಾದಾಗ ನಮ್ಮ ಹಾಲ್ಟ್ ಬಸ್ಸು ಮರಳಿ ಬರಲಿಲ್ಲ. ಈಗ ಬೆಳಗಿನ ಮೊದಲ ಬಸ್ಸು ಎಂಟರ ಮೇಲೆ. ಆ ಚಾಲಕರು ಲಾರಿ ಓಡಿಸುತ್ತಿದ್ದಾರೆಂದು ಕಂಡಕ್ಟರ್ ಹುಡುಗ ಒಮ್ಮೆ ಸಿಕ್ಕಾಗ ಹೇಳಿದ. ಅವನು ಈಗ ಶಿವಮೊಗ್ಗದ ಅಂಗಡಿಯೊಂದರಲ್ಲಿದ್ದಾನೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತಾಗ ನಮ್ಮ ತಾಯಿಯವರು ಆಧಾರ್ ಕಾರ್ಡನ್ನು ಸಂಚಿಯಲ್ಲಿ ಭದ್ರವಾಗಿಟ್ಟುಕೊಂಡರು. ಆದರೆ ನಾವು ಹತ್ತುವುದು ಹೆಚ್ಚಾಗಿ ಖಾಸಗಿ ಬಸ್ಸು. ಕಾರ್ಡು ಸಂಚಿಯಲ್ಲೇ ಉಳಿದಿದೆ.

ಈಗ ಅವರಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ. ಜಗಲಿಯಲ್ಲಿ ಕುಳಿತು ಚಡಾವು ಏರುವ ಗಾಡಿಗಳನ್ನು ನೋಡುತ್ತಿರುತ್ತಾರೆ. ಮೊನ್ನೆ ಹಾಗೆಯೇ ನೋಡುತ್ತಿದ್ದವರು, “ಅವತ್ತು ರಾತ್ರಿ ಬುತ್ತಿ ಕೊಟ್ಟು ಬಂದೆಯಲ್ಲ, ತಪ್ಪಾಯಿತು ಅಂತ ಹೇಳಿದ್ದೆಯಾ ಅವರಿಗೆ?” ಎಂದು ಕೇಳಿದರು.

ಇಲ್ಲವೆಂದೆವು.