ನಡುವಿನ ಜಾಗ

ನಮ್ಮ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಯಾರೆಲ್ಲಿ ಎಂದು ಗೊತ್ತಿದ್ದ ಹಾಗೆಯೇ ಕಾರಿನಲ್ಲೂ ಒಬ್ಬೊಬ್ಬರ ಜಾಗ ಗೊತ್ತಿತ್ತು. ಕಾರೆಂದರೆ ಮಾವನವರು 1976ರಲ್ಲಿ ಕೊಂಡ ಅಂಬಾಸಿಡರ್. ಅದರ ಮುಂದಿನ ಸೀಟು ಈಗಿನ ಕಾರುಗಳಂತೆ ಎರಡು ಬಿಡಿ ಕುರ್ಚಿಗಳಲ್ಲ, ಒಂದೇ ಉದ್ದನೆಯ ಸೋಫಾ. ಗೇರಿನ ಕೋಲು ಸ್ಟೀರಿಂಗಿನ ಕೆಳಗೇ ಅಂಟಿಕೊಂಡಿದ್ದರಿಂದ ಕಾಲಿಗೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ. ಮೂವರು ಧಾರಾಳವಾಗಿ ಕೂರಬಹುದಿತ್ತು. ನಮ್ಮವರು ಓಡಿಸುವುದು, ಎಡಗಡೆಯ ಕಿಟಕಿಗೆ ಮಾವ, ನಡುವೆ ಅತ್ತೆ. ನಾನು, ಮಕ್ಕಳು, ತರಕಾರಿ ಚೀಲಗಳು ಹಿಂದೆ.

1994ರಲ್ಲಿ ಮಾವ ತೀರಿಕೊಂಡರು. ಆಮೇಲೂ ಅತ್ತೆ ಕೂರುತ್ತಿದ್ದದ್ದು ನಡುವೆಯೇ. ಕಿಟಕಿಯ ಜಾಗ ಖಾಲಿ. "ಆಚೆ ಸರಿದು ಕೂತ್ಕೊ ಅಮ್ಮ, ಗಾಳಿ ಬರತ್ತೆ" ಎಂದು ಇವರು ಒಂದೆರಡು ಸಲ ಹೇಳಿ ನೋಡಿದರು. ಅತ್ತೆ ಕೇಳಿಸದವರಂತೆ ಸೆರಗು ಸರಿಮಾಡಿಕೊಂಡರು. ಮತ್ತೆ ಯಾರೂ ಆ ಮಾತೆತ್ತಲಿಲ್ಲ.

2002ರಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಇವರಿಗೆ ಎದೆನೋವು ಬಂತು. ಮಣಿಪಾಲದಲ್ಲಿ ಹತ್ತು ದಿನ ಇದ್ದು ಬಂದೆವು. "ಆರು ತಿಂಗಳು ಸ್ಟೀರಿಂಗ್ ಮುಟ್ಟಬಾರದು, ತಿಂಗಳಿಗೊಮ್ಮೆ ಬಂದು ತೋರಿಸಬೇಕು" ಎಂದರು ಡಾಕ್ಟರು. ತೀರ್ಥಹಳ್ಳಿ ಕಡೆಯವರಿಗೆ ಮಣಿಪಾಲವೆಂದರೆ ಆಗುಂಬೆ ಘಾಟಿ ಇಳಿದು, ಮತ್ತೆ ಅದನ್ನೇ ಹತ್ತಿ ಬರಬೇಕು. 14 ಹೇರ್‌ಪಿನ್ ತಿರುವುಗಳು. ಆಗ ಅಡಿಕೆಯ ಬೆಲೆ ಕುಸಿದು ಮಲೆನಾಡಿನ ಮನೆಗಳೆಲ್ಲ ಕೈ ಕಟ್ಟಿ ಕೂತಿದ್ದ ಕಾಲ. ಪ್ರತಿ ಸಲ ಬಾಡಿಗೆ ಡ್ರೈವರನ್ನು ಕರೆಯುವುದು ಭಾರವೇ; ಹೊಸ ಕಾರಿನ ಮಾತಂತೂ ದೂರ.

ನನ್ನ ಹತ್ತಿರ ಲೈಸೆನ್ಸ್ ಇತ್ತು. ಡ್ರೈವಿಂಗ್ ಶಾಲೆಯ ಪುಟ್ಟ ಮಾರುತಿಯಲ್ಲಿ ಕಲಿತು ಪಾಸಾಗಿದ್ದೆ. ಆ ಧೈರ್ಯದಲ್ಲೇ ಮೊದಲ ತಿಂಗಳು ಅಂಬಾಸಿಡರ್ ಹೊರಡಿಸಿದೆ. ಇಳಿಯುವಾಗ ಹೇಗೋ ಆಯಿತು. ಹತ್ತುವಾಗ ಒಂದು ತಿರುವಿನಲ್ಲಿ ಎರಡನೇ ಗೇರಿಗೆ ಎಳೆಯಲಾರದೆ ಗಾಡಿ ಏದುಸಿರು ಬಿಟ್ಟಿತು. ಮೊದಲನೆಯದಕ್ಕೆ ಹಾಕಲು ಹೋದರೆ ಕರ್ರೆಂದು ಹಲ್ಲು ಕಡಿದ ಸದ್ದು. ಗೇರು ಬೀಳಲೇ ಇಲ್ಲ. ಇಂಜಿನ್ ನಿಂತಿತು. ಕಾರು ಹಿಂದಕ್ಕೆ ಜಾರತೊಡಗಿತು. ಹಿಂದಿನ ಸೀಟಿನಲ್ಲಿ ಒರಗಿದ್ದ ಇವರು ಎದೆಯ ಮೇಲೆ ಕೈಯಿಟ್ಟುಕೊಂಡದ್ದು ಕನ್ನಡಿಯಲ್ಲಿ ಕಂಡಿತು. ಬ್ರೇಕನ್ನು ಎರಡೂ ಕಾಲಲ್ಲಿ ಒತ್ತಿ ಹಿಡಿದೆ. ಹಿಂದೆ ಬರುತ್ತಿದ್ದ ಜೀಪಿನವರು ಓಡಿ ಬಂದು ಚಕ್ರಕ್ಕೆ ಕಲ್ಲಿಟ್ಟರು. ಅವರಲ್ಲೊಬ್ಬರು ಮೇಲಿನವರೆಗೆ ಓಡಿಸಿಕೊಟ್ಟರು. ಅತ್ತೆ ಆಡಿದ್ದು ಒಂದೇ ಮಾತು: "ಅವರು ಇಲ್ಲಿ ಸದ್ದೇ ಮಾಡ್ತಿರಲಿಲ್ಲ."

ಮಾರನೆಯ ದಿನ ನಮ್ಮ ಗ್ಯಾರೇಜಿನ ಸಾಬರು ಬಂದರು. "ಅಮ್ಮಾ, ಇದರ ಫಸ್ಟ್ ಗೇರಿಗೆ ಸಿಂಕ್ರೋ ಇಲ್ಲ. ಓಡೋ ಗಾಡಿಯಲ್ಲಿ ಹಾಕಬೇಕಾದರೆ ಎರಡು ಸಲ ಕ್ಲಚ್ ಒತ್ತಬೇಕು" ಎಂದರು. ಒಮ್ಮೆ ಒತ್ತಿ ನ್ಯೂಟ್ರಲ್‌ಗೆ ತರುವುದು, ಕ್ಲಚ್ ಬಿಟ್ಟು ಇಂಜಿನ್ ಸ್ವಲ್ಪ ಏರಿಸುವುದು, ಮತ್ತೆ ಒತ್ತಿ ಗೇರು ಹಾಕುವುದು. ಹಗ್ಗದಾಟದಲ್ಲಿ ತಿರುಗುವ ಹಗ್ಗದೊಳಗೆ ನುಗ್ಗುವ ಹುಡುಗಿ ಅದರ ಲಯಕ್ಕೆ ಕಾಯುತ್ತಾಳಲ್ಲ, ಹಾಗೆ. ಒಳಗೆ ಎರಡು ಹಲ್ಲಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತುತ್ತಿರುತ್ತವೆ. ವೇಗ ಕೂಡಿದರೆ ಮಾತ್ರ ಒಂದಾಗುತ್ತವೆ. ಸಿಂಕ್ರೋ ಇದ್ದರೆ ಒಂದು ಪುಟ್ಟ ಬಳೆ ನಡುವೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡಿಕೊಡುತ್ತದೆ. ಮಾವನವರ ಕೈಗೂ ಕಾಲಿಗೂ ಆ ಲಯ ಒಲಿದಿತ್ತು. ನನಗೆ ಕಲಿಯಲು ಪುರುಸೊತ್ತಿರಲಿಲ್ಲ.

ಸಾಬರೇ ದಾರಿ ಹೇಳಿದರು. 1990ರ ದಶಕದಲ್ಲಿ ಬಂದ 1800 ಐಎಸ್‌ಝಡ್ ಅಂಬಾಸಿಡರಿನಲ್ಲಿ ಜಪಾನಿನ ಇಸುಜು ಇಂಜಿನ್, ಐದು ಗೇರು. ಅಂಥದ್ದೊಂದು ಅಪಘಾತವಾಗಿ ಶಿವಮೊಗ್ಗದ ಗುಜರಿಯಲ್ಲಿ ಬಿದ್ದಿತ್ತು. ಅದರ ಗೇರ್‌ಬಾಕ್ಸ್ ತಂದು ನಮ್ಮದಕ್ಕೆ ಕೂರಿಸಬಹುದು. "ಆದರೆ ಕೋಲು ನೆಲದಿಂದ ಬರತ್ತೆ. ಮುಂದೆ ಮೂರು ಜನ ಕೂರಕ್ಕಾಗಲ್ಲ."

ಆ ಮಾತನ್ನು ಅತ್ತೆಗೆ ಹೇಳಬೇಕಾದವಳು ನಾನು. ಹಿತ್ತಿಲ ಕಟ್ಟೆಯ ಮೇಲೆ ಕೂತು ಹೂ ಕಟ್ಟುತ್ತಿದ್ದರು. ಎಲ್ಲ ಕೇಳಿ, "ಹಂಗಾದ್ರೆ ನಾನು ಹಿಂದೆ ಕೂರಬೇಕನೇ?" ಎಂದರು. "ಯಾಕತ್ತೆ, ಮುಂದೇ ಕೂರಿ. ಕಿಟಕಿ ಹತ್ರ" ಎಂದೆ. ಅವರು ಉತ್ತರ ಕೊಡಲಿಲ್ಲ. ಹೂ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ರಾತ್ರಿ ಊಟವನ್ನೂ ಮಾಡಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮಗನ ಜೀವಕ್ಕಿಂತ ಸೀಟು ಹೆಚ್ಚೇ ಎಂದುಕೊಂಡೆ. ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಹಿಂದೆ ಬಂದು ನಿಂತು, "ಸಾಬ್ರಿಗೆ ಹೇಳಿ ಕಳಿಸಿದ್ಯಾ?" ಎಂದರು, ಅಷ್ಟೆ.

ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ಹಳೆಯ ಇಂಜಿನ್ನಿಗೂ ಹೊಸ ಗೇರ್‌ಬಾಕ್ಸಿಗೂ ಬೋಲ್ಟಿನ ತೂತುಗಳು ಕೂಡುವುದಿಲ್ಲ. ನಡುವೆ ಕೂರಿಸಲು ದಪ್ಪನೆಯ ಕಬ್ಬಿಣದ ತಟ್ಟೆಯೊಂದನ್ನು ಲೇತಿನಲ್ಲಿ ಮಾಡಿಸಿದರು. ಕ್ಲಚ್ ಪ್ಲೇಟಿನ ಹಲ್ಲು ಹೊಸ ಶಾಫ್ಟಿಗೆ ಹೊಂದಬೇಕು. ಆ ಶಾಫ್ಟಿನ ತುದಿಗೆ ಇಂಜಿನ್ ಕಡೆ ಹೊಸ ಬುಷ್ ಬೇಕು. ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟನ್ನು ಅಳತೆಗೆ ಕತ್ತರಿಸಿ, ಬೆಸೆದು, ತಿರುಗುವಾಗ ನಡುಗದಂತೆ ತೂಕ ಸರಿಮಾಡಿಸಿ ತಂದರು. ಕೊನೆಗೆ ಕಾರಿನ ನೆಲ ಕೊರೆದರು. ಸ್ಟೀರಿಂಗಿನ ಪಕ್ಕದ ಹಳೆಯ ಕೋಲನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಅದರ ತುದಿಯ ಗುಂಡು ಮಾವನವರ ಅಂಗೈಯಲ್ಲಿ ಸವೆದು ನುಣುಪಾಗಿತ್ತು. ಅತ್ತೆ ಅದನ್ನು ಕೇಳಿ ಇಸಿದುಕೊಂಡರು. ಎಲ್ಲಿಟ್ಟರೋ ನಾನು ವಿಚಾರಿಸಲಿಲ್ಲ.

ಸ್ಪೀಡೋಮೀಟರ್ ಮಾತ್ರ ಹೊಸ ಗೇರ್‌ಬಾಕ್ಸಿನೊಂದಿಗೆ ರಾಜಿಯಾಗಲಿಲ್ಲ. ಐವತ್ತರಲ್ಲಿ ಹೋದರೂ ಮುಳ್ಳು ನಲವತ್ತನ್ನೇ ತೋರಿಸುತ್ತಿತ್ತು. ನಲವತ್ತು ದಾಟಿದರೆ ಗದರುತ್ತಿದ್ದ ಅತ್ತೆಗೆ ಈ ಗುಟ್ಟನ್ನು ನಾನಾಗಲಿ ಸಾಬರಾಗಲಿ ಹೇಳಲಿಲ್ಲ.

ಮುಂದಿನ ತಿಂಗಳು ಹೊರಟಾಗ ಅತ್ತೆ ಎಡಗಡೆಯ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೂತರು, ಬಾಗಿಲಿಗೆ ಒತ್ತಿಕೊಂಡು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟ ಹಾಗೆ. ಮಣಿಪಾಲದಲ್ಲಿ ಇವರನ್ನು ತೋರಿಸಿ, ಸೋಮೇಶ್ವರ ದಾಟಿ ಘಾಟಿ ಹತ್ತತೊಡಗಿದಾಗ ನನ್ನ ಅಂಗೈ ಬೆವರಿತ್ತು. ಅದೇ ತಿರುವು ಬಂತು. ಗಾಡಿಯ ಉಸಿರು ಕುಗ್ಗಿತು. ಅಭ್ಯಾಸದಿಂದ ಎಡಗೈ ಸ್ಟೀರಿಂಗಿನ ಪಕ್ಕದ ಖಾಲಿ ಜಾಗ ತಡಕಿ, ಕೆಳಗಿಳಿದು ಕೋಲು ಹಿಡಿಯಿತು. ಬೆಣ್ಣೆಗೆ ಬೆರಳಿಟ್ಟಂತೆ ಮೊದಲ ಗೇರು ಬಿತ್ತು. ಕಾರು ನಿಧಾನವಾಗಿ ತಿರುಗಿ ಮೇಲೇರಿತು. ಹಿಂದೆ ಇವರು ನಿದ್ದೆಯಲ್ಲಿದ್ದರು.

"ಗೇರು ಹಾಕಿದ್ಯನೇ?" ಎಂದರು ಅತ್ತೆ.

"ಹಾಕಿದೆ ಅತ್ತೆ."

"ಸದ್ದೇ ಬರಲಿಲ್ಲ."

ಇನ್ನೆರಡು ತಿರುವು ಕಳೆಯಿತು. ಅತ್ತೆ ಹ್ಯಾಂಡಲ್ ತಿರುಗಿಸಿ ಕಿಟಕಿಯ ಗಾಜು ಇಳಿಸಿದರು. ಕಾಡಿನ ತಣ್ಣನೆ ಗಾಳಿ ಒಳಗೆ ಬಂತು. ಬಹಳ ಹೊತ್ತು ಹೊರಗೆ ನೋಡುತ್ತಿದ್ದು, ನನ್ನ ಕಡೆ ತಿರುಗದೆ ಹೇಳಿದರು:

"ಇಷ್ಟೆಲ್ಲ ಕಾಣತ್ತೆ ಅಂತ ಅವರು ಒಂದು ದಿನವೂ ಹೇಳಲಿಲ್ಲ ನೋಡು."